ವಿಳಾಸ ಓದದ ಅಮ್ಮಮ್ಮ

ಮೂರು ವಾರದಿಂದ ನಮ್ಮ ವಿಜಯವಾಡದ ಮನೆಯ ಫ್ರಿಜ್ಜಿನ ಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಕೂತಿದೆ. ನೀಲಿ ಬಣ್ಣ ಅರ್ಧ ಹೋಗಿದೆ, ಮುಚ್ಚಳ ಒಂದು ಕಡೆ ಸೊಟ್ಟಗಾಗಿದೆ. ನನ್ನ ಹೆಂಡತಿ ಎರಡು ಸಲ ಅದರಲ್ಲಿ ಚಕ್ಕುಲಿ ತುಂಬಿಡಲು ನೋಡಿದಳು, ಎರಡು ಸಲವೂ ನಾನು ತಡೆದೆ. "ಇದೇನ್ರಿ, ದೇವರ ಮಂಜೂಷ ಏನು?" ಎಂದು ಕೇಳಿದಳು. ಹೌದು ಎನ್ನಲು ಧೈರ್ಯ ಬರಲಿಲ್ಲ, ಅಲ್ಲ ಎನ್ನಲು ಮನಸ್ಸು ಬರಲಿಲ್ಲ.

ಡಬ್ಬಿಯ ಒಡತಿ ಹೋದ ತಿಂಗಳು ವಿಶಾಖಪಟ್ಟಣದಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ಹೆಸರು ಹಾಕದೆ ಕೆಲಸ ನಡೆಸುವುದೇ ಅವರ ರೀತಿ. ಚರ್ಚಿನ ಮಕ್ಕಳೆಲ್ಲ ಅವರನ್ನು ಅಮ್ಮಮ್ಮ ಎನ್ನುತ್ತಿದ್ದರು, ಅಂದರೆ ತೆಲುಗಿನಲ್ಲಿ ಅಜ್ಜಿ. ನನಗಾಗಲೇ ಮೂವತ್ತು ದಾಟಿದ್ದರೂ ನಾನೂ ಹಾಗೆಯೇ ಕರೆದೆ.

ನಾನು ಗದಗದವನು. ಪರವಾಡದ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದಲ್ಲಿ ಕೆಲಸ ಸಿಕ್ಕಿ ವಿಶಾಖಪಟ್ಟಣಕ್ಕೆ ಹೋದಾಗ ನನ್ನ ಹತ್ತಿರ ಒಂದು ಗಿಟಾರು, ಒಂದು ಲ್ಯಾಪ್‌ಟಾಪು ಮತ್ತು ನನ್ನ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯ ಇದ್ದವು. ಊರಿನ ಚರ್ಚಿನಲ್ಲಿ ನಾನು ಯುವಜನ ಕೂಟದ ಕಾರ್ಯದರ್ಶಿಯಾಗಿದ್ದವನು. ಬೇಸಿಗೆ ಶಿಬಿರದಲ್ಲಿ ಒಮ್ಮೆ ನನ್ನ ಭಾಷಣ ಕೇಳಿ ಇಬ್ಬರು ಅತ್ತಿದ್ದರು. ಅವರಲ್ಲಿ ಒಬ್ಬನಿಗೆ ಹಲ್ಲುನೋವಿತ್ತೆಂದು ಆಮೇಲೆ ತಿಳಿಯಿತು, ಆದರೆ ಲೆಕ್ಕದಿಂದ ನಾನು ಅವನನ್ನು ತೆಗೆದಿರಲಿಲ್ಲ.

ಮೂರನೆಯ ಭಾನುವಾರ ಆರಾಧನೆ ಮುಗಿದು ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಅಮ್ಮಮ್ಮ ನನ್ನನ್ನು ಹಿಡಿದರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಮಂಗಳಗಿರಿಯ ಕಂದು ಹತ್ತಿ ಸೀರೆ ಉಟ್ಟು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡಿದ್ದರು.

"ಏನಂಡಿ, ನೀವು ಕನ್ನಡದವರು ಕದಾ?"

"ಹೌದ್ರಿ. ಹೆಂಗ ಗೊತ್ತಾತ್ರಿ?"

"ಹಾಡೋವಾಗ ಕೇಳ್ಸಿತು. ಯಾರೋ ತೆಲುಗು ಹಾಡನ್ನ ಗದರಿಸ್ತಾ ಅವ್ರೆ ಅನ್ಸಿತು. ನಮ್ಮ ಕಡೇವರೇ ಅಂದ್ಕೊಂಡೆ."

ಅವರು ಬಳ್ಳಾರಿಯಲ್ಲಿ ಹುಟ್ಟಿದವರು. ರೈಲ್ವೆಯಲ್ಲಿದ್ದ ತೆಲುಗಿನವರನ್ನು ಮದುವೆಯಾಗಿ ಇಲ್ಲಿಗೆ ಬಂದು, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿ ಆಯುಷ್ಯ ಕಳೆದು ನಿವೃತ್ತರಾಗಿದ್ದರು. ಅಷ್ಟು ವರ್ಷದಲ್ಲಿ ಅವರ ಕನ್ನಡ ಬರೀ ತಮ್ಮೊಳಗೆ ಬೈದುಕೊಳ್ಳುವುದಕ್ಕೆ ಮಾತ್ರ ಉಳಿದಿತ್ತಂತೆ. ನಾನು ಸಿಕ್ಕ ಮೇಲೆ ಅದು ನನ್ನನ್ನು ಬೈಯುವುದಕ್ಕೆ ಉಪಯೋಗಕ್ಕೆ ಬಂತು.

"ಶನಿವಾರ ಸಾಯಂತ್ರ ಐದಕ್ಕೆ ಮಕ್ಕಳು ಬರ್ತಾರೆ. ಆರನೇ ಕ್ಲಾಸಿಂದ ಹತ್ತನೇ ಕ್ಲಾಸು. ನೀವೂ ಬರ್ರಿ. ಬೆಂಚ್ ಎಳೀಲಿಕ್ಕೆ ನನ್ನ ಕೈಲಿ ಆಗ್ತಾ ಇಲ್ಲ."

ಬೆಂಚು ಎಳೆಯುವುದು ಎಂದರೆ ವಿನಯದ ಮಾತು, ನನ್ನ ಅನುಭವದ ಸುದ್ದಿ ಹೇಗೋ ಅವರ ಕಿವಿಗೆ ಬಿದ್ದಿದೆ ಎಂದು ನಾನು ತಿಳಿದೆ. ಹೋದ ಮೇಲೆ ಗೊತ್ತಾಯಿತು, ಬೆಂಚೇ.

ಚರ್ಚಿನ ಹಿಂದೆ ತಗಡಿನ ಮಾಡಿನ ಒಂದು ಕೋಣೆ. ಹದಿನೆಂಟು ಮಕ್ಕಳು. ಎರಡು ಹಾಡು, ಬೈಬಲ್ಲಿನ ಒಂದು ಭಾಗ, ಆಮೇಲೆ ಡಬ್ಬಿ. ಈ ಡಬ್ಬಿಯ ಕ್ರಮವೇ ಅಮ್ಮಮ್ಮನ ಇಡೀ ವಿದ್ಯೆ. ಎಲ್ಲರಿಗೂ ಒಂದೇ ಅಳತೆಯ ಕಾಗದದ ಚೂರು, ಒಂದೇ ಬಗೆಯ ನೀಲಿ ಪೆನ್ನು. ಮನಸ್ಸಿನಲ್ಲಿರುವ ಪ್ರಶ್ನೆ ಬರೆದು, ಹೆಸರು ಹಾಕದೆ, ನಾಲ್ಕು ಮಡಿಕೆ ಮಾಡಿ ಡಬ್ಬಿಗೆ ಹಾಕಬೇಕು. ಪ್ರಶ್ನೆ ಇಲ್ಲದವರೂ ಖಾಲಿ ಚೀಟಿಯನ್ನು ಮಡಿಸಿ ಹಾಕಲೇಬೇಕು, ಯಾರು ಕೇಳಿದರು ಯಾರು ಕೇಳಲಿಲ್ಲ ಎಂದು ಯಾರಿಗೂ ತಿಳಿಯಬಾರದು. ನಾನೂ ಹಾಕಬೇಕಿತ್ತು. ನಾನು ಪ್ರತಿ ವಾರ ಖಾಲಿಯನ್ನೇ ಹಾಕುತ್ತಿದ್ದೆ, ಏಕೆಂದರೆ ನನ್ನಲ್ಲಿ ಇದ್ದವೆಲ್ಲ ಉತ್ತರಗಳು.

ಅಮ್ಮಮ್ಮ ಚೀಟಿ ಬಿಚ್ಚಿ, ಒಮ್ಮೆ ಕಣ್ಣಾಡಿಸಿ, ತಲೆ ಎತ್ತಿ ತಿರುಗುವ ಫ್ಯಾನನ್ನು ನೋಡುತ್ತಾ ಓದುತ್ತಿದ್ದರು. ಮಕ್ಕಳ ಮುಖವನ್ನು ಅಪ್ಪಿತಪ್ಪಿಯೂ ನೋಡುತ್ತಿರಲಿಲ್ಲ. ತಂತಿ ಸುದ್ದಿ ಓದಿದ ಹಾಗೆ ಸಪಾಟು ದನಿ. ನೋಹನ ನಾವೆಗೆ ಸೊಳ್ಳೆಯನ್ನು ಹತ್ತಿಸಿಕೊಂಡದ್ದು ಯಾಕೆ ಎಂಬುದನ್ನೂ, ನಮ್ಮಪ್ಪ ನನಗಿಂತ ತಮ್ಮನನ್ನೇ ಹೆಚ್ಚು ಪ್ರೀತಿಸುತ್ತಾರೆ ಎಂಬುದನ್ನೂ ಅದೇ ದನಿಯಲ್ಲಿ ಓದುತ್ತಿದ್ದರು. ಒಂದು ಸಲ ಒಂದು ಚೀಟಿ ಬಂತು: "ನನಗೆ ಒಳ್ಳೆ ರ್‍ಯಾಂಕ್ ಬರಲಿ ಎಂದು ಪ್ರಾರ್ಥಿಸಿದರೆ ಇನ್ನೊಬ್ಬರ ರ್‍ಯಾಂಕ್ ಹೋಗುತ್ತದಲ್ಲ, ಅವರ ಪ್ರಾರ್ಥನೆ ಏನಾಯಿತು?" ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮಮ್ಮ "ತೆಲೀದು" ಎಂದರು. ಗೊತ್ತಿಲ್ಲ ಎಂದರ್ಥ. "ಒಂದು ವಾರ ಕೊಡಿ."

ಗೊತ್ತಿಲ್ಲದ ಚೀಟಿ ಅವರ ಪರ್ಸಿನಲ್ಲಿ ಮನೆಗೆ ಹೋಗುತ್ತಿತ್ತು. ಉಳಿದವನ್ನು ಅಲ್ಲೇ ಬಕೆಟ್ಟಿನ ನೀರಿಗೆ ಹಾಕಿ ಇಡ್ಲಿ ಹಿಟ್ಟಿನಂತೆ ಹಿಸುಕಿಬಿಡುತ್ತಿದ್ದರು. ಮುಂದಿನ ಶನಿವಾರ ಪರ್ಸಿನ ಪ್ರಶ್ನೆಗೆ ಉತ್ತರ ತರುತ್ತಿದ್ದರು, ಅಥವಾ ಇನ್ನೂ ತೆಲೀದು ಎನ್ನುತ್ತಿದ್ದರು. ಒಬ್ಬ ಹಿರಿಯರು ಮಕ್ಕಳ ಮುಂದೆ ಇಷ್ಟು ಸಲ ಗೊತ್ತಿಲ್ಲ ಎನ್ನುವುದು ನನಗೆ ಅಸಹ್ಯವೆನಿಸಿತು. ಸಂಸ್ಥೆಗೆ ಕೆಟ್ಟ ಹೆಸರು.

ಪ್ರಾರ್ಥನೆಯಲ್ಲಿ ಅವರು ಕಣ್ಣು ಮುಚ್ಚುತ್ತಿರಲಿಲ್ಲ ಎಂಬುದನ್ನೂ ನಾನು ಗುರುತು ಹಾಕಿಕೊಂಡಿದ್ದೆ. ಕೇಳಿದ್ದಕ್ಕೆ, "ಎಲ್ಲರೂ ಮುಚ್ಚಿದ್ರೆ ಚಪ್ಪಲಿ ಯಾರು ನೋಡ್ಕೊಳ್ಳೋದು?" ಎಂದರು. ಅದನ್ನು ನಾನು ಹೇಗೆ ಗುರುತು ಹಾಕಿಕೊಂಡೆ ಎಂದು ಅವರು ಕೇಳಲಿಲ್ಲ, ಅದು ಅವರ ದೊಡ್ಡತನ.

ಹೀಗೆ ನಾನು ಸುಧಾರಣೆಗೆ ಇಳಿದೆ. ಗಿಟಾರು ತಂದೆ, ಪ್ರೊಜೆಕ್ಟರು ತಂದೆ. ವಾರಕ್ಕೊಮ್ಮೆ ಲಿಖಿತ ಬೈಬಲ್ ಕ್ವಿಜ್ ಶುರುಮಾಡಿದೆ, ಹೆಸರು ಮತ್ತು ತರಗತಿ ಸಹಿತ ಬರೆಯಬೇಕು. ಉತ್ತರಪತ್ರಿಕೆಗಳನ್ನು ಮನೆಗೆ ಒಯ್ದು ಕೆಂಪು ಮಸಿಯಲ್ಲಿ ತಿದ್ದುತ್ತಿದ್ದೆ. ಕಾರ್ಖಾನೆಯಲ್ಲೂ ನನ್ನ ಕೆಲಸ ಅದೇ. ಔಷಧ ಮಾಡುವವರು ಹಂತಹಂತಕ್ಕೂ ಬರೆದಿಟ್ಟ ದಾಖಲೆಗಳನ್ನು ನೋಡುವುದು. ಅಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿ, ದಿನಾಂಕ ಹಾಕಬೇಕು. ವರ್ಷಗಟ್ಟಲೆ ಇದನ್ನೇ ನೋಡಿ ನನಗೆ ಯಾರ ಕೈಬರಹವಾದರೂ ಎರಡು ಸಲ ಕಂಡರೆ ಸಾಕು, ಗುರುತು ಸಿಕ್ಕುತ್ತಿತ್ತು. ಇದು ದೇವರು ಕೊಟ್ಟ ವರ ಎಂದು ನಾನು ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಉಂಟು.

ಒಂದು ಶನಿವಾರ ಅಮ್ಮಮ್ಮ ಒಂದು ಚೀಟಿ ಬಿಚ್ಚಿ ಫ್ಯಾನ್ ನೋಡುತ್ತಾ ಓದಿದರು. "ಪ್ರಾರ್ಥನೆಯಲ್ಲಿ ಎಲ್ಲರೂ ಅಳುತ್ತಾರೆ. ನನಗೆ ಅಳು ಬರುವುದಿಲ್ಲ. ಬಂದ ಹಾಗೆ ಮಾಡುತ್ತೇನೆ. ಇದು ಪಾಪವಾ?"

ಅಮ್ಮಮ್ಮ, "ತೆಲೀದು. ಒಂದು ವಾರ ಕೊಡಿ" ಎಂದು ಚೀಟಿಯನ್ನು ಪರ್ಸಿಗೆ ಸೇರಿಸಿದರು. ಅಷ್ಟರಲ್ಲಿ ನಾನು ಅವರ ಭುಜದ ಮೇಲಿಂದ ನೋಡಿಬಿಟ್ಟಿದ್ದೆ. ಸಾಲಿನ ಕೊನೆಗೆ ಮೇಲಕ್ಕೆ ಹಾರುವ ಆ ಅಕ್ಷರ ಕ್ವಿಜ್ಜಿನಲ್ಲಿ ಸತತ ಮೂರು ವಾರ ಮೊದಲ ಬಹುಮಾನ ಪಡೆದವಳದು. ಸುವಾರ್ತ, ಒಂಬತ್ತನೇ ತರಗತಿ. ಚರ್ಚಿನ ಹಿರಿಯರೊಬ್ಬರ ಮಗಳು. ಭಾನುವಾರದ ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಅಳುವವರು ಅವಳ ತಂದೆಯೇ.

ಅವತ್ತು ಮುಕ್ತಾಯದ ಪ್ರಾರ್ಥನೆ ನನ್ನ ಸರದಿ. ನನ್ನ ಎದೆ ಕರುಣೆಯಿಂದ ತುಂಬಿಹೋಗಿತ್ತು. ಇವತ್ತು ಹೇಳಬೇಕೆಂದರೆ ಅದರಲ್ಲಿ ಮುಕ್ಕಾಲು ಭಾಗ ಹೆಮ್ಮೆ. ಮಕ್ಕಳೆಲ್ಲ ಕಣ್ಣು ಮುಚ್ಚಿದ್ದರು. ನಾನು ಬೆಂಚುಗಳ ನಡುವೆ ಮೆಲ್ಲಗೆ ನಡೆದುಹೋಗಿ, ಸುವಾರ್ತಳ ತಲೆಯ ಮೇಲೆ ಕೈಯಿಟ್ಟು, ನನ್ನ ಗದಗಿನ ತೆಲುಗಿನಲ್ಲಿ ದೇವರಿಗೆ ಅರಿಕೆ ಮಾಡಿದೆ: ಪ್ರಭುವೇ, ನಿನ್ನ ಸನ್ನಿಧಿಯಲ್ಲಿ ಕಣ್ಣೀರು ಬಾರದೆ, ಅಳುವಂತೆ ನಟಿಸುತ್ತಾ ನೋಯುತ್ತಿರುವ ಈ ನಿನ್ನ ಮಗಳಿಗೆ...

"ಆಮೆನ್," ಎಂದು ಅಮ್ಮಮ್ಮ ಗಟ್ಟಿಯಾಗಿ ಹೇಳಿದರು. ಠಪ್ಪೆಂದು ಮುದ್ರೆ ಒತ್ತಿದ ಹಾಗೆ. ಮಕ್ಕಳೂ "ಆಮೆನ್" ಎಂದು ಎದ್ದುಬಿಟ್ಟರು. ನನಗಿನ್ನೂ ನಾಲ್ಕು ವಾಕ್ಯ ಉಳಿದಿದ್ದವು, ಒಳ್ಳೆಯ ವಾಕ್ಯಗಳು. ಕಣ್ಣು ತೆರೆದು ನೋಡಿದರೆ ಹದಿನೇಳು ಮಕ್ಕಳು ಒಬ್ಬಳನ್ನೇ ನೋಡುತ್ತಿದ್ದರು. ಪ್ರಾರ್ಥನೆಯಲ್ಲಿ ಮಕ್ಕಳು ಪೂರ್ತಿ ಕಣ್ಣು ಮುಚ್ಚುವುದಿಲ್ಲ ಎಂಬುದು ನಾನೂ ಒಂದು ಕಾಲದಲ್ಲಿ ತಿಳಿದಿದ್ದ ವಿಷಯ. ಸುವಾರ್ತ ಬೈಬಲ್ಲು ಎತ್ತಿಕೊಂಡು ಯಾರ ಕಡೆಗೂ ನೋಡದೆ ಹೊರಟುಹೋದಳು.

ಅಮ್ಮಮ್ಮ ಬಕೆಟ್ಟಿನ ಮುಂದೆ ಕೂತು ಚೀಟಿ ಹಿಸುಕುತ್ತಿದ್ದರು. ಬೈಯಲಿ ಎಂದು ನಾನು ಕಾದೆ. ಬೈಯಲಿಲ್ಲ.

"ಕಾರ್ಖಾನೇಲಿ ನಿಮ್ಮದು ಏನು ಕೆಲಸ ಅಂದ್ರಿ?"

"ತಪ್ಪು ಹಿಡಿಯೋದ್ರಿ."

"ಹಿಡಿದ ಮೇಲೆ?"

"ಯಾರ ಮಾಡ್ಯಾರ ನೋಡಿ ಅವ್ರ ಸಹಿ ತಗೋತೀವ್ರಿ."

ಅವರು ನೀರಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು. "ನಾನು ಅಷ್ಟು ವರ್ಷ ಪೋಸ್ಟಾಫೀಸಲ್ಲಿ ವಿಳಾಸ ಓದಿದೆ, ಕಾಗದ ಓದಲಿಲ್ಲಂಡಿ. ಇಲ್ಲಿ ಕಾಗದ ಓದಬೇಕು, ವಿಳಾಸ ಓದಬಾರದು. ಅಷ್ಟೇ ಕದಾ ಕೆಲಸ." ಮತ್ತೆ ಬಕೆಟ್ಟಿಗೆ ಕೈ ಹಾಕಿ, "ಎಲ್ಲರ ಅಕ್ಷರಾನೂ ನನಗೆ ಗೊತ್ತು. ಫ್ಯಾನ್ ಯಾಕೆ ನೋಡ್ತೀನಿ ಅಂದ್ಕೊಂಡ್ರಿ? ಗಾಳಿಗಾ?" ಎಂದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದೇವರು ನನಗೆ ಕೊಟ್ಟ ವರವನ್ನು ಈ ಹೆಂಗಸು ನಲವತ್ತು ಪಟ್ಟು ಹೆಚ್ಚು ಇಟ್ಟುಕೊಂಡು, ಅದನ್ನು ಬಳಸದೇ ಇರುವುದನ್ನು ಅಭ್ಯಾಸ ಮಾಡಿದ್ದರು.

ಸುದ್ದಿ ಅಂದೇ ಸುವಾರ್ತಳ ಮನೆ ಮುಟ್ಟಿತ್ತು. ಮರುದಿನ ಆರಾಧನೆಯಲ್ಲಿ ಅವಳ ತಂದೆ ಅವಳನ್ನು ಮೊದಲ ಸಾಲಿನಲ್ಲಿ ತಮ್ಮ ಪಕ್ಕ ಕೂರಿಸಿಕೊಂಡರು. ಪ್ರಾರ್ಥನೆಯ ಉದ್ದಕ್ಕೂ ಅಳುತ್ತಾ ಅಳುತ್ತಾ ನಡುನಡುವೆ ಕಣ್ಣು ತೆರೆದು ಮಗಳ ಮುಖ ನೋಡುತ್ತಿದ್ದರು. ಅವಳು ಕಲ್ಲಿನ ಹಾಗೆ ಕೂತಿದ್ದಳು.

ಶನಿವಾರ ಅವಳು ಬರಲಿಲ್ಲ. ಉಳಿದವರು ಬಂದರು, ಎರಡು ಹಾಡು ಹಾಡಿದರು, ಚೀಟಿ ಹಾಕಿದರು. ಅಮ್ಮಮ್ಮ ಮೊದಲನೆಯದನ್ನು ಬಿಚ್ಚಿ, ಫ್ಯಾನ್ ನೋಡುತ್ತಾ, "ಖಾಲಿ" ಎಂದರು. ಎರಡನೆಯದು ಬಿಚ್ಚಿ, "ಖಾಲಿ." ಹೀಗೆ ಹದಿನೇಳು ಮಕ್ಕಳ ಚೀಟಿ, ನನ್ನದೊಂದು. ಒಂದನ್ನೂ ಬಿಡದೆ ಹದಿನೆಂಟು ಸಲ ಖಾಲಿ ಎಂದು ಓದಿದರು, ಅದೇ ಸಪಾಟು ದನಿಯಲ್ಲಿ. ಮಕ್ಕಳು ತಲೆ ತಗ್ಗಿಸಿ ಕೂತಿದ್ದರು. ಎರಡನೆಯ ವಾರವೂ ಹೀಗೇ ಆಯಿತು, ಮೂರನೆಯ ವಾರವೂ. ಆ ಹುಡುಗಿ ಮತ್ತೆ ಬರುತ್ತಾಳೋ ಇಲ್ಲವೋ, ಈ ಮಕ್ಕಳು ಇನ್ನೊಂದು ಸಲ ನಿಜವಾದ ಮಾತು ಬರೆಯುತ್ತಾರೋ ಇಲ್ಲವೋ, ನನಗೆ ಆಗ ಬೇರೆ ಚಿಂತೆಯೇ ಇರಲಿಲ್ಲ. ಕ್ವಿಜ್ ನಿಲ್ಲಿಸಿದೆ. ಗಿಟಾರು ಮನೆಯಲ್ಲೇ ಉಳಿಯಿತು. ಅದಕ್ಕಾಗಿ ಯಾರೂ ಅತ್ತದ್ದು ಕಾಣಲಿಲ್ಲ.

ನಾಲ್ಕನೆಯ ವಾರ ನಾನು ಚೀಟಿ ಬರೆದೆ. ಮೊದಲ ಸಲ. ಗುರುತು ಸಿಗಬಾರದೆಂದು ಮೂಲೆಯ ಬೆಂಚಿನಲ್ಲಿ ಕೂತು, ಎಡಗೈಯಲ್ಲಿ, ಮಕ್ಕಳ ಹಾಗೆ ದಪ್ಪ ದಪ್ಪ ತೆಲುಗು ಅಕ್ಷರ ಕೊರೆದೆ. ಅಮ್ಮಮ್ಮ ಹದಿನೇಳು ಖಾಲಿಯ ನಡುವೆ ಅದನ್ನು ಬಿಚ್ಚಿದರು. ಕಣ್ಣಾಡಿಸಿದರು. ಒಂದು ಕ್ಷಣ ಅವರ ಬಾಯಿಯ ಅಂಚು ಅಲುಗಿದಂತೆ ಕಂಡಿತು. ಆಮೇಲೆ ಫ್ಯಾನ್ ನೋಡಿದರು.

"ಒಬ್ಬರ ಗುಟ್ಟನ್ನು ಪ್ರಾರ್ಥನೆ ಎಂಬ ನೆಪದಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟೆ. ದೊಡ್ಡವನಾಗಬೇಕೆಂದು ಹಾಗೆ ಮಾಡಿದೆ. ಅವರ ಹತ್ತಿರ ಹೋಗಲು ನಾಚಿಕೆಯಾಗುತ್ತದೆ. ನಾನು ಏನು ಮಾಡಲಿ?"

ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ನಾನೂ ಯಾರಿರಬಹುದು ಎಂಬಂತೆ ಆಚೀಚೆ ನೋಡಿದೆ.

"ತೆಲೀದು," ಎಂದರು ಅಮ್ಮಮ್ಮ. "ಒಂದು ವಾರ ಕೊಡಿ." ಚೀಟಿ ಪರ್ಸಿಗೆ ಹೋಯಿತು.

ಮುಂದಿನ ಶನಿವಾರ ಬೆಂಚು ಎಳೆದು ಬೆವರು ಒರೆಸಿಕೊಳ್ಳುತ್ತಾ ನೋಡುತ್ತೇನೆ, ಕೊನೆಯ ಸಾಲಿನಲ್ಲಿ ಸುವಾರ್ತ. ಯಾರೂ ಅವಳನ್ನು ಏನೂ ಕೇಳಲಿಲ್ಲ. ಅಮ್ಮಮ್ಮ, "ಹೋದ ವಾರದ ಪ್ರಶ್ನೆಗೆ ಉತ್ತರ ನನಗೆ ಇನ್ನೂ ತೆಲೀದು. ಕೇಳಿದವರು ಕೇಳಿದ್ದೇ ಒಳ್ಳೆಯದಾಯಿತು" ಎಂದಷ್ಟೇ ಹೇಳಿ ಮುಂದೆ ಹೋದರು. ಆಮೇಲೆ ಫ್ಯಾನ್ ನೋಡುತ್ತಲೇ, "ಅದಕ್ಕೂ ಹಿಂದಿನದೊಂದು ಬಾಕಿ ಇದೆ. ನನಗೂ ಪ್ರಾರ್ಥನೆಯಲ್ಲಿ ಅಳು ಬರೋದಿಲ್ಲ. ಅದಕ್ಕೇ ಕಣ್ಣು ತೆರೆದುಕೊಂಡಿರ್ತೀನಿ" ಎಂದರು. ಅವತ್ತು ಡಬ್ಬಿಯಲ್ಲಿ ಐದು ಪ್ರಶ್ನೆಗಳು ಬಂದವು. ಒಂದು ಮತ್ತೆ ಸೊಳ್ಳೆಯದೇ.

ಕೂಟ ಮುಗಿದ ಮೇಲೆ ನಾನು ಸುವಾರ್ತಳ ಹತ್ತಿರ ಹೋಗಿ, ತಪ್ಪಾಯಿತು ಎಂದೆ. ಅವಳು "ಪರವಾಗಿಲ್ಲ ಅಂಕುಲ್" ಎಂದು ಹೋದಳು. ಅವಳು ಮರಳಿ ಬಂದದ್ದು ಹೇಗೆ ಎಂಬ ಬಗ್ಗೆ ನನಗೆ ಸಂಶಯವೇ ಇರಲಿಲ್ಲ. ಆ ವಾರ ನಾನು ಅವಳಿಗಾಗಿ ಒಂದು ಹೊತ್ತು ಉಪವಾಸ ಮಾಡಿದ್ದೆ, ಮಧ್ಯಾಹ್ನದ ಒಂದು ಸಮೋಸ ಬಿಟ್ಟರೆ.

ಎರಡು ವರ್ಷದ ನಂತರ ಕೊಂಡಪಲ್ಲಿಯ ಹತ್ತಿರ ಇನ್ನೊಂದು ಕಾರ್ಖಾನೆ ಸೇರಿ ವಿಜಯವಾಡಕ್ಕೆ ಬಂದೆ. ಇಲ್ಲಿಯ ಚರ್ಚಿನಲ್ಲೂ ಮಕ್ಕಳ ಕೂಟ ನಡೆಸುತ್ತೇನೆ. ಮೇಲಿನ ಕಥೆಯನ್ನು ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿಯಾಗಿ ಸಭೆಯಲ್ಲಿ ನಾಲ್ಕಾರು ಸಲ ಹೇಳಿದ್ದೇನೆ, ಶೀರ್ಷಿಕೆ "ಉಪವಾಸದ ಶಕ್ತಿ". ಸಮೋಸವನ್ನು ಪ್ರತಿ ಸಲವೂ ಬಿಟ್ಟಿದ್ದೇನೆ. ಡಬ್ಬಿ ಮಾತ್ರ ಇಡಲಿಲ್ಲ. ಅಕ್ಷರ ಗುರುತಿಸುವ ರೋಗ ನನಗೆ ಇನ್ನೂ ವಾಸಿಯಾಗಿಲ್ಲ, ಫ್ಯಾನ್ ನೋಡುವ ಧೈರ್ಯವೂ ಬಂದಿರಲಿಲ್ಲ.

ಮೂರು ವಾರದ ಹಿಂದೆ ಸುವಾರ್ತ ಬಂದಳು. ಈಗ ಫಿಸಿಯೋಥೆರಪಿ ಓದು ಮುಗಿಸುತ್ತಿದ್ದಾಳೆ, ತರಬೇತಿಗೆಂದು ವಿಜಯವಾಡಕ್ಕೆ ಬಂದವಳು. ಅಮ್ಮಮ್ಮನಿಗೆ ಕೈಲಾಗದ ಮೇಲೆ ಅಲ್ಲಿಯ ಶನಿವಾರದ ಕೂಟವನ್ನು ಅವಳೇ ನೋಡಿಕೊಂಡಿದ್ದಳಂತೆ. ಬ್ಯಾಗಿನಿಂದ ಡಬ್ಬಿ ತೆಗೆದು ಟೀಪಾಯಿಯ ಮೇಲಿಟ್ಟಳು.

"ಆ ಕನ್ನಡದವರಿಗೆ ಕೊಡು, ಈಗ ಅವರಿಗೆ ಬೇಕಾಗಿರುತ್ತದೆ ಅಂತ ಅಮ್ಮಮ್ಮ ಹೇಳಿದ್ರು," ಎಂದು ತೆಲುಗಿನಲ್ಲಿ ಹೇಳಿದಳು. "ನಾವು ಹೊಸ ಡಬ್ಬಿ ಮಾಡ್ಕೊಂಡಿದ್ದೀವಿ."

"ಅಂತ್ಯಕ್ರಿಯೆಗೆ ಇದ್ದೆಯಾ?"

"ಇದ್ದೆ. ಅವತ್ತೂ ಅಳು ಬರಲಿಲ್ಲ ಅಂಕುಲ್. ಆಮೇಲೆ ಇಲ್ಲಿಗೆ ಬರೋ ಬಸ್ಸಲ್ಲಿ ಬಂತು. ಅನಕಾಪಲ್ಲಿಯಿಂದ ತುನಿ ತನಕ."

ನನಗೆ ಅವಳ ಮುಂದೆಯೇ ಕಣ್ಣು ತುಂಬಿತು. ಒರೆಸಿಕೊಳ್ಳಲು ನೆಪ ಬೇಕಾಗಿ ಡಬ್ಬಿ ತೆರೆದೆ. ತಳದಲ್ಲಿ ನಾಲ್ಕು ಮಡಿಕೆಯ ಒಂದೇ ಒಂದು ಚೀಟಿ ಇತ್ತು.

"ಅದು ನನ್ನದು," ಎಂದಳು. "ಅಂದರೆ ನನಗೆ ಬಂದದ್ದು. ನೀವು ಅದನ್ನು ಬರೆದ ಸಾಯಂಕಾಲವೇ ಅಮ್ಮಮ್ಮ ನಮ್ಮ ಮನೆಗೆ ಬಂದ್ರು. ನಿನಗೆ ಪೋಸ್ಟ್ ಇದೆ ಅಂತ ಕೈಗೆ ಕೊಟ್ಟು, ನೀರು ಕೂಡ ಕುಡೀದೆ ಹೋದ್ರು. ಅದನ್ನ ಓದಿದ ಮೇಲೇ ನಾನು ಬಂದದ್ದು."

"ನಾನು ಬರೆದದ್ದು ಅಂತ ಅಮ್ಮಮ್ಮ ಹೇಳಿದರಾ?"

"ಇಲ್ಲ. ನಾನೂ ಕೇಳಲಿಲ್ಲ." ಅವಳು ನಗು ತಡೆದುಕೊಳ್ಳುತ್ತಿದ್ದಳು. "ನೋಡಿ ಅಂಕುಲ್."

ಚೀಟಿ ಬಿಚ್ಚಿದೆ. ಎಡಗೈಯ ದಪ್ಪ ಅಕ್ಷರ. ಎರಡನೆಯ ಸಾಲಿನಲ್ಲಿ ಒಂದು ಪದ ತಪ್ಪಿತ್ತು. ಅದರ ಮೇಲೆ ನೆಟ್ಟಗೆ ಒಂದೇ ಗೆರೆ. ಪಕ್ಕದಲ್ಲಿ, ಕಾರ್ಖಾನೆಯ ಅಭ್ಯಾಸಬಲದಿಂದ ತಾನಾಗಿಯೇ ಬಲಗೈಗೆ ಬದಲಾಯಿಸಿ ಹಾಕಿದ, ನನ್ನ ಚಂದದ ಚಿಕ್ಕ ಸಹಿ. ಅದರ ಕೆಳಗೆ ದಿನಾಂಕ.

ಇಷ್ಟನ್ನು ಕೈಯಲ್ಲಿ ಹಿಡಿದುಕೊಂಡು ಆ ಮುದುಕಿ ಹದಿನೇಳು ಮಕ್ಕಳ ಮುಂದೆ ಫ್ಯಾನ್ ನೋಡುತ್ತಾ ಓದಿದ್ದರು. ನಾನು ಯಾರಿರಬಹುದು ಎಂದು ಆಚೀಚೆ ನೋಡುತ್ತಿದ್ದಾಗ ಅವರು ನಗಲಿಲ್ಲ.

ಚೀಟಿ ತಿರುಗಿಸಿದೆ. ಹಿಂಬದಿಯಲ್ಲಿ ಅಮ್ಮಮ್ಮನ ಅಂಚೆ ಕಚೇರಿಯ ದುಂಡು ಬರಹದಲ್ಲಿ ಸುವಾರ್ತಳ ಹೆಸರು, ಮನೆ ನಂಬರು, ಬೀದಿ, ಕೊನೆಗೆ ಪಿನ್ ಕೋಡು, ಎಲ್ಲ ಕ್ರಮವಾಗಿ. ಎಡಮೂಲೆಯಲ್ಲಿ "ಇಂದ" ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದರು. ಸಹಿ ಮತ್ತು ದಿನಾಂಕ ಸಮೇತ ನನ್ನ ಗುರುತನ್ನು ನಾನೇ ಒಪ್ಪಿಸಿದ್ದರೂ ಅಲ್ಲಿ ನನ್ನ ಹೆಸರು ಬರೆದಿರಲಿಲ್ಲ.